ವಿಡಿಆರ್‌ಎಲ್ ಪಾಸಿಟಿವ್ ಬಂದಿದೆ, ನನ್ನ ಮಗುವಿನ ಗತಿಯೇನು?

ಪ್ರಶ್ನೆ: ನನಗೀಗ ಐದು ತಿಂಗಳು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ, ಆದರೂ ವಿಡಿಆರ್‌ಎಲ್ ಎಂಬ ರಕ್ತಪರೀಕ್ಷೆ ನೋಡಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದೆ ಎನ್ನುತ್ತಿದ್ದಾರೆ. ಮಗುವಿಗೂ ತಗಲುತ್ತದೆಯೇ?

ಉತ್ತರ: ಚಿಕಿತ್ಸೆ ಪಡೆಯದಿದ್ದರೆ ತಗಲುವ ಸಾಧ್ಯತೆ ಹೆಚ್ಚು. ಆದರೆ ಮಗುವನ್ನು ಕಾಪಾಡಿಕೊಳ್ಳಲು ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ.

ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಹೆಂಗಸರಲ್ಲಿ ಅದು ಒಳಗಿದ್ದರೆ ಕಣ್ಣಿಗೇ ಬೀಳುವುದಿಲ್ಲ. ರೋಗಾಣು ಮಾತ್ರ ವರ್ಷಗಟ್ಟಲೆ ದೇಹದಲ್ಲಿ ಉಳಿದು, ಬಸಿರಿನಲ್ಲಿ ಮಾಸಿನ ಮೂಲಕ ಮಗುವನ್ನು ತಲುಪಬಲ್ಲದು. ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಹುಟ್ಟಿದಾಗ ಗುಂಡಗೆ ಕಂಡ ಮಗುವಿಗೂ ಕೆಲವು ವಾರಗಳಲ್ಲಿ ಮೂಗು ಸೋರುವುದು, ಅಂಗೈ ಅಂಗಾಲಿನ ಚರ್ಮ ಸುಲಿಯುವುದು, ಯಕೃತ್ತು ಊದಿಕೊಳ್ಳುವುದು ಶುರುವಾಗಬಹುದು. ಕಿವಿ, ಕಣ್ಣಿನ ತೊಂದರೆ ವರ್ಷಗಳ ನಂತರವೂ ಬರುವುದುಂಟು.

ಬಸಿರಿನಲ್ಲಿ ವಿಡಿಆರ್‌ಎಲ್ ಕೆಲವೊಮ್ಮೆ ರೋಗವಿಲ್ಲದೆಯೂ ಪಾಸಿಟಿವ್ ತೋರಿಸುತ್ತದೆ. ಆದ್ದರಿಂದ ಖಚಿತಪಡಿಸಿಕೊಳ್ಳಲು ಟಿಪಿಎಚ್‌ಎಯಂತಹ ಇನ್ನೊಂದು ರಕ್ತಪರೀಕ್ಷೆ ಮಾಡಿಸುತ್ತಾರೆ. ಆ ವರದಿಗೆಂದು ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡಬೇಡಿ.

ಔಷಧಿ ಬೆಂಜಥೀನ್ ಪೆನಿಸಿಲಿನ್. ಒಂದು ಸಲಕ್ಕೆ 24 ಲಕ್ಷ ಯೂನಿಟ್, ಸಾಮಾನ್ಯವಾಗಿ ಎರಡು ಪೃಷ್ಠಗಳಿಗೆ ಅರ್ಧರ್ಧ ಚುಚ್ಚುತ್ತಾರೆ. ನೋವಿರುತ್ತದೆ, ಅಂದು ರಾತ್ರಿ ಜ್ವರವೂ ಬರಬಹುದು. ಜ್ವರದ ಜೊತೆ ಹೊಟ್ಟೆ ಬಿಗಿಹಿಡಿದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸೋಂಕು ಯಾವಾಗ ತಗುಲಿತೆಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸೂಜಿ. ನಡುವೆ ವಾರ ತಪ್ಪಿಸಿದರೆ ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕಾಗುತ್ತದೆ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಆರಂಭವಾಗಿರಬೇಕು. ಸೂಜಿಯ ಬದಲು ಅಜಿಥ್ರೋಮೈಸಿನ್ ಮಾತ್ರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಹೊಟ್ಟೆಯ ಮಗುವನ್ನು ಗುಣಪಡಿಸುತ್ತದೆಂದು ನಂಬುವಂತಿಲ್ಲ. ಪೆನಿಸಿಲಿನ್ ಅಲರ್ಜಿಯಿದ್ದರೆ ಮೊದಲೇ ತಿಳಿಸಿ. ದೊಡ್ಡಾಸ್ಪತ್ರೆಯಲ್ಲಿ ಹಂತಹಂತವಾಗಿ ದೇಹವನ್ನು ಒಗ್ಗಿಸಿ ಅದನ್ನೇ ಕೊಡುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಗಂಡಂದಿರ ವಿಷಯ. ಹೆಂಡತಿಗೆ ಸೂಜಿ ಹಾಕಿಸಿ ತಾವು ಪರೀಕ್ಷೆಗೆ ಬರದಿದ್ದರೆ ಆಕೆಗೆ ಮತ್ತೆ ಸೋಂಕು ತಗಲಬಹುದು. ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಹೇಳುವವರೆಗೆ ದೈಹಿಕ ಸಂಪರ್ಕ ಬೇಡ. ಯಾರಿಂದ ಬಂತೆಂಬ ಜಗಳವನ್ನು ಈಗ ಪಕ್ಕಕ್ಕಿಡಿ. ಮನೆಯಲ್ಲಿ ಹೇಳಲು ಧೈರ್ಯ ಸಾಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ಅಲ್ಲಿನ ಆಪ್ತಸಮಾಲೋಚಕರು ಗುಟ್ಟು ಕಾಪಾಡುತ್ತಾರೆ, ಪತಿಯೊಂದಿಗೂ ಮಾತನಾಡುತ್ತಾರೆ.

ಹೆರಿಗೆಯಾದ ಮೇಲೆ ಮಗುವಿನ ರಕ್ತಪರೀಕ್ಷೆ ಮಾಡಿಸಿ. ಮೊಲೆಯ ಮೇಲೆ ಹುಣ್ಣಿಲ್ಲದಿದ್ದರೆ ಎದೆಹಾಲು ಕುಡಿಸಲು ಅಡ್ಡಿಯಿಲ್ಲ.