ಸೌದೆ ಒಲೆಯ ಬಾಗಿಲಿನ ಹಿಡಿ ಬಿಗಿಯಾದರೆ ಎಣ್ಣೆ ಬಿಡಬಹುದಾ?

ಪ್ರಶ್ನೆ: ಹೆಸರಘಟ್ಟದ ಹತ್ತಿರ ನಮ್ಮದೊಂದು ಸಣ್ಣ ತೋಟದ ಮನೆ ಇದೆ. ಅಲ್ಲಿ ಬೀಡು ಕಬ್ಬಿಣದ ಸೌದೆ ಒಲೆ ಇಟ್ಟಿದ್ದೇವೆ. ಚಳಿಗಾಲದಲ್ಲಿ ಮಾತ್ರ ಹಚ್ಚುತ್ತೇವೆ. ಈ ಸಲ ಡಿಸೆಂಬರ್‌ನಲ್ಲಿ ಹಚ್ಚಲು ಹೋದರೆ ಬಾಗಿಲಿನ ಹಿಡಿ ತಿರುಗಿಸಲು ಎರಡೂ ಕೈ ಬೇಕಾಯಿತು. ಸ್ವಲ್ಪ ಕೊಬ್ಬರಿ ಎಣ್ಣೆ ಬಿಟ್ಟರೆ ಸರಿಹೋಗುತ್ತಾ?

ಉತ್ತರ: ದಯವಿಟ್ಟು ಎಣ್ಣೆ ಬಿಡಬೇಡಿ. ನಾನು ಒಮ್ಮೆ ಬಿಟ್ಟಿದ್ದೆ. ಎರಡು ದಿನ ಹಿಡಿ ಸಲೀಸಾಗಿ ತಿರುಗಿತು. ಮೂರನೇ ದಿನ ಬೆಂಕಿ ಜೋರಾದಾಗ ಮನೆಯೆಲ್ಲಾ ಕಮಟು ವಾಸನೆ. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಜಾಸ್ತಿ ಬಿಗಿ. ಬಿಚ್ಚಿ ನೋಡಿದರೆ ಒಳಗಿನ ಸರಳಿನ ಸುತ್ತ ಕಂದು ಬಣ್ಣದ ಗಟ್ಟಿ ಪದರ. ಹಳೇ ಬಾಣಲೆಯ ಹೊರಮೈಗೆ ಅಂಟಿಕೊಂಡಿರುತ್ತಲ್ಲ, ಉಜ್ಜಿದರೂ ಹೋಗದ್ದು, ಅದೇ. ಎಣ್ಣೆ ಮತ್ತೆ ಮತ್ತೆ ಕಾದರೆ ಹಾಗೇ ಆಗುವುದು. ಹೊಲಿಗೆ ಮಷೀನಿನ ಎಣ್ಣೆ, ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ, ಮಾಮೂಲಿ ಗ್ರೀಸ್ ಎಲ್ಲದರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಗಾಡಿಗೆ ಹಾಕುವ ಲಿಥಿಯಂ ಗ್ರೀಸ್ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿ ಇಳಿಯುತ್ತದೆ.

ಮೊದಲು ಬಿಗಿ ಎಲ್ಲಿದೆ ಅಂತ ಪತ್ತೆ ಮಾಡಿ. ಒಲೆ ಪೂರ್ತಿ ಆರಿರಲಿ. ಬಾಗಿಲು ಅಗಲವಾಗಿ ತೆರೆದಿಟ್ಟು ಹಿಡಿಯನ್ನು ಸುಮ್ನೆ ತಿರುಗಿಸಿ. ತೆರೆದ ಬಾಗಿಲಲ್ಲೂ ಬಿಗಿಯಾಗಿದ್ದರೆ ತೊಂದರೆ ಹಿಡಿಯ ಸರಳಿನಲ್ಲಿದೆ. ತೆರೆದಾಗ ಸಲೀಸು, ಮುಚ್ಚುವಾಗ ಮಾತ್ರ ಬಿಗಿ ಅಂದರೆ ಸರಳಿಗೆ ಏನೂ ಆಗಿಲ್ಲ. ಸಂದಿ ಮುಚ್ಚಲು ಬಾಗಿಲ ಅಂಚಿಗೆ ಕೂರಿಸಿರುವ ಹಗ್ಗವೋ, ಕೊಕ್ಕೆಯೋ, ಕೀಲೋ ಕಾರಣ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಸ್ಪ್ಯಾನರ್ ಹಿಡಿಯಬೇಡಿ.

ನಿಮ್ಮದು ಸರಳಿನ ತೊಂದರೆಯೇ ಇರಬೇಕು ಅನ್ನಿಸುತ್ತದೆ. ಬೆಂಗಳೂರಿನ ಕಡೆ ಒಲೆ ಉರಿಯುವುದು ಎರಡು ಮೂರು ತಿಂಗಳು, ಸುಮ್ಮನೆ ಕೂರುವುದೇ ಜಾಸ್ತಿ. ಮೇ ತಿಂಗಳ ಮಳೆಯಿಂದ ಹಿಡಿದು ಅಕ್ಟೋಬರ್ ಮುಗಿಯುವ ತನಕ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಒಲೆಯೊಳಗೆ ಬಿಟ್ಟ ಮಸಿ, ಬೂದಿ ಎರಡೂ ಆ ತೇವ ಹೀರಿಕೊಳ್ಳುತ್ತವೆ. ಚಿಮಣಿಗೆ ಟೋಪಿ ಇಲ್ಲದಿದ್ದರೆ ಮಳೆ ನೀರೂ ಒಳಗೆ ತೊಟ್ಟಿಕ್ಕುತ್ತದೆ. ಸರಳು ಕೂರುವ ತೂತು ತೀರಾ ಕಿರಿದು. ಅಲ್ಲಿ ಚೂರು ತುಕ್ಕು ಹಿಡಿದರೂ ಸಾಕು, ಹಿಡಿ ಕಚ್ಚಿಕೊಳ್ಳುತ್ತದೆ.

ಬಿಚ್ಚುವುದು ಕಷ್ಟವಲ್ಲ. ಸಾಮಾನ್ಯವಾಗಿ ಬಾಗಿಲ ಒಳಬದಿಯಲ್ಲಿ ಒಂದು ನಟ್ಟು, ವಾಷರ್, ಕೆಲವದರಲ್ಲಿ ಸ್ಪ್ರಿಂಗ್, ಆಮೇಲೆ ಕೊಕ್ಕೆ ಇರುತ್ತವೆ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಬಿಚ್ಚಿದ್ದನ್ನು ಹಳೇ ಪೇಪರ್ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಒಂದು ವಾಷರ್ ಆಚೀಚೆ ಆದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ನಟ್ಟು ಕದಲದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಪೂರ್ತಿ ಬಿಡಬಹುದು. ಸ್ಪ್ರೇ ಇಷ್ಟಕ್ಕೆ ಮಾತ್ರ. ಕೆಲಸವಾದ ಮೇಲೆ ಸೋಪು ನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಅದರ ಪಸೆ ಇರುವಾಗ ಬೆಂಕಿ ಹಚ್ಚಲೇಬಾರದು. ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ. ಬೀಡು ಬಾಗುವುದಿಲ್ಲ, ಒಡೆದೇ ಹೋಗುತ್ತದೆ.

ಸರಳು ಹೊರಗೆ ಬಂದ ಮೇಲೆ ಸಣ್ಣ ಉಪ್ಪು ಕಾಗದ ಸುತ್ತಿ, ಲೋಹ ಕಾಣುವ ತನಕ ಉಜ್ಜಿ. ಅದೇ ಕಾಗದವನ್ನು ಕೊಳವೆ ಥರ ಸುರುಳಿ ಮಾಡಿ ತೂತಿನ ಒಳಗೂ ತಿರುಗಿಸಿ. ಕೆಂಪು ಪುಡಿ ಉದುರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಸರಳನ್ನು ಸುಮ್ಮನೆ ತೂರಿಸಿ ನೋಡಿ. ಎರಡು ಬೆರಳಲ್ಲಿ ತಿರುಗಿದರೆ ಮುಕ್ಕಾಲು ಕೆಲಸ ಮುಗಿಯಿತು.

ಜಾರಲು ಬೇಕಾದದ್ದು ಗ್ರಾಫೈಟ್ ಪುಡಿ. ಬೀಗಕ್ಕೆ ಹಾಕುವ ಪುಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಬೆಂಗಳೂರಿನ ಎಸ್‌ಜೆಪಿ ರಸ್ತೆ ಕಡೆ ಹೋದಾಗ ವಿಚಾರಿಸಿ. ಸಿಗದಿದ್ದರೆ ಚಿತ್ರ ಬರೆಯುವ 6ಬಿ ಪೆನ್ಸಿಲ್ ತಗೊಂಡು ಸರಳಿನ ಸುತ್ತ ಕಪ್ಪಗೆ ಮಿಂಚುವ ಹಾಗೆ ತೀಡಿ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು ತಾನೆ. 6ಬಿಯಲ್ಲಿ ಗ್ರಾಫೈಟೇ ಜಾಸ್ತಿ. ಇನ್ನೊಂದು ದಾರಿ ಕಾಪರ್ ಗ್ರೀಸ್. ಸೈಲೆನ್ಸರ್ ಬೋಲ್ಟು ಕಚ್ಚಿಕೊಳ್ಳದಿರಲಿ ಅಂತ ಮೆಕ್ಯಾನಿಕ್‌ಗಳು ಹಚ್ಚುವ ತಾಮ್ರದ ಬಣ್ಣದ್ದು. ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು. ಡಬ್ಬಿಯ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಓದಿ. 1000ದ ಆಸುಪಾಸು ಇರುವುದನ್ನೇ ತನ್ನಿ, ಉಗುರಿನ ತುದಿಯಷ್ಟು ಹಚ್ಚಿದರೆ ಸಾಕು. ನನಗೆ ಗ್ರಾಫೈಟೇ ಇಷ್ಟ. ಒಣ ಪುಡಿ, ವಾಸನೆ ಇಲ್ಲ, ಮಸಿಯನ್ನೂ ಅಂಟಿಸಿಕೊಳ್ಳುವುದಿಲ್ಲ. ನಟ್ಟನ್ನು ಹಿಡಿ ಅಲುಗಾಡದಷ್ಟು ಮಾತ್ರ ಬಿಗಿ ಮಾಡಿ.

ಬಿಗಿ ಮುಚ್ಚುವಾಗ ಮಾತ್ರ ಇದ್ದರೆ ಬಾಗಿಲ ಅಂಚಿನ ಗ್ಲಾಸ್ ಫೈಬರ್ ಹಗ್ಗ ನೋಡಿ. ಹೊಸದಾಗಿ ಹಾಕಿಸಿದ್ದರೆ ಮೊದಲ ಕೆಲವು ಬೆಂಕಿಗೆ ಬಿಗಿ ಇರುವುದು ಸಹಜ, ಅದುಮಿಕೊಂಡು ಸರಿಹೋಗುತ್ತದೆ. ಹಗ್ಗ ದಪ್ಪವಾಯಿತು ಅಂತ ಕಿತ್ತು ಹಾಕಿ ಹಾಗೇ ಉರಿಸಬೇಡಿ. ಸಂದಿಯಿಂದ ಗಾಳಿ ನುಗ್ಗಿ ಬೆಂಕಿ ಹತೋಟಿ ತಪ್ಪುತ್ತದೆ, ಹೊಗೆ ಮನೆಯೊಳಗೆ ಬರುತ್ತದೆ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿ ಮಲಗುವ ಚಳಿ ರಾತ್ರಿಯಲ್ಲಿ ಜೀವಕ್ಕೇ ಕುತ್ತು. ಒಲೆ ಬಹಳ ಹಳೆಯದಾಗಿದ್ದರೆ ಹಗ್ಗದಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರಬಹುದು. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಗೊತ್ತಿದ್ದವರನ್ನು ಕರೆಯಿರಿ.

ಎಲ್ಲಾ ಜೋಡಿಸಿದ ಮೇಲೆ ಒಂದು ಚೀಟಿ ಕಾಗದವನ್ನು ಬಾಗಿಲ ಸಂದಿಗೆ ಇಟ್ಟು ಚಿಲಕ ಹಾಕಿ ಎಳೆಯಿರಿ. ಕಾಗದ ಬಿಗಿಯಾಗಿ ನಿಲ್ಲಬೇಕು. ನಾಲ್ಕೂ ಕಡೆ ಹೀಗೆ ನೋಡಿ. ಸುಲಭವಾಗಿ ಜಾರಿ ಬಂದ ಕಡೆ ಹಗ್ಗ ಸವೆದಿದೆ ಅಂತ ಅರ್ಥ.

ಫೆಬ್ರವರಿಯಲ್ಲಿ ಒಲೆ ನಿಲ್ಲಿಸುವಾಗ ಬೂದಿ, ಮಸಿ ಪೂರ್ತಿ ತೆಗೆದು, ಸರಳಿಗೆ ಇನ್ನೊಮ್ಮೆ ಪೆನ್ಸಿಲ್ ತೀಡಿ, ಬಾಗಿಲನ್ನು ಎರಡು ಬೆರಳು ತೆರೆದೇ ಬಿಡಿ. ಒಳಗೆ ಗಾಳಿ ಆಡಲಿ. ಚಿಮಣಿಯ ಟೋಪಿಯನ್ನು ಮೇ ತಿಂಗಳಿಗೆ ಮೊದಲೇ ಹಾಕಿಸಿ.