ಮನೆಭೇಟಿಗೆ ಹೋಗುವವರು ಯಾರು?

ಮಾನಸಿಕ ರೋಗಿಯ ಮನೆಗೆ ಹೋಗಿ ವಿಚಾರಿಸುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆಂದರೆ ಯಾರು ಎಂಬುದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸ್ಪಷ್ಟ ಉತ್ತರವಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮುಗಿಸಿದವರು. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಆಮೇಲೆ ಈ ಕೋರ್ಸಿಗೂ ಚಿಕಿತ್ಸಾ ಮನೋವಿಜ್ಞಾನದ ಕೋರ್ಸಿಗೂ ಮಾತ್ರ 2025–26ರವರೆಗೆ ಮಾನ್ಯತೆ ವಿಸ್ತರಣೆಯಾಯಿತು. ಕಾನೂನು ಕೇಳುವ ಅರ್ಹತೆಗೇ ಗಡುವು ಬಿದ್ದಿರುವಾಗ, ಈ ಹುದ್ದೆ ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ನೆನೆಯಬೇಕಾಗಿದೆ.

ಬೆಂಗಳೂರಿನಲ್ಲಿ 1847ರ ಹುಚ್ಚಾಸ್ಪತ್ರೆಯಿಂದ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯವರೆಗಿನ ದೀರ್ಘ ಅವಧಿಯಲ್ಲಿ ರೋಗಿಯ ಮನೆ ಚಿಕಿತ್ಸೆಯ ಲೆಕ್ಕಕ್ಕೆ ಬಂದದ್ದು ಕಡಿಮೆ. ಸಮಾಜಕಾರ್ಯದ ತರಬೇತಿ ಅಲ್ಲಿ ಶುರುವಾದದ್ದು 1960ರ ದಶಕದ ಕೊನೆಗೆ. 1974ರಲ್ಲಿ ಸಂಸ್ಥೆ ನಿಮ್ಹಾನ್ಸ್ ಆಯಿತು.

ನಿಜವಾದ ತಿರುವು ಬಂದದ್ದು ಬನ್ನೇರುಘಟ್ಟ ಬಳಿಯ ಸಕಲವಾರದಲ್ಲಿ, ನಂತರ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದ ನಿಮ್ಹಾನ್ಸ್‌ನ ಪ್ರಯೋಗವದು. ಮಾತ್ರೆ ಸಿಕ್ಕರಷ್ಟೇ ಸಾಲದೆಂಬುದು ಇಂಥ ಕೆಲಸದಲ್ಲಿ ಬೇಗ ತಿಳಿಯುತ್ತದೆ. ಮಾತ್ರೆ ನುಂಗಿದರೆ ಮಗನಿಗೆ ಮಂಪರು, ದನ ಹೊಡೆದುಕೊಂಡು ಹೋಗಲಾರ ಎಂದು ತಾಯಿಯೇ ನಿಲ್ಲಿಸಿರುತ್ತಾಳೆ. ಚೀಟಿ ಗೂಡಿನಲ್ಲಿ ಹಾಗೆಯೇ ಮಡಚಿಟ್ಟಿರುತ್ತದೆ. ಆಸ್ಪತ್ರೆಯ ಕಡತದಲ್ಲಿ ಅದು ‘ರೋಗಿ ಮರಳಿ ಬರಲಿಲ್ಲ’ ಎಂಬ ಒಂದು ಸಾಲು. ಜಗಲಿಯ ಮೇಲೆ ಕುಳಿತು ಕೇಳಿದವರಿಗೆ ಮಾತ್ರ ಕಾರಣ ತಿಳಿಯುತ್ತದೆ, ಅವರು ಅದನ್ನು ವೈದ್ಯರಿಗೆ ಮುಟ್ಟಿಸಿದರೆ ಹಗಲಿನ ಮಾತ್ರೆ ರಾತ್ರಿಗೆ ಹೋಗಬಹುದು, ಹುಡುಗ ಮತ್ತೆ ದನಗಳ ಹಿಂದೆ ಹೋಗಬಹುದು. ಇದನ್ನು ಚಿಕಿತ್ಸೆಯಲ್ಲವೆಂದು ಹೇಗೆ ಹೇಳುವುದು?

ಬಳ್ಳಾರಿಯ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಆದರೂ 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಧಾಮವೊಂದರಲ್ಲಿ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಬೆಂಕಿಯಲ್ಲಿ ಬೆಂದುಹೋದರು. ಸಮುದಾಯದಲ್ಲಿ ಬಾಳುವ ಹಕ್ಕನ್ನು 2017ರ ಕಾಯ್ದೆ ಒಪ್ಪಿಕೊಂಡಿತು; ಆ ಹಕ್ಕನ್ನು ಮನೆಬಾಗಿಲಿಗೆ ಒಯ್ಯಬೇಕಾದ ಹುದ್ದೆಗಳು ಮಾತ್ರ ಹೆಚ್ಚಾಗಿ ಗುತ್ತಿಗೆಯವಾಗಿಯೇ ಉಳಿದಿವೆ.

ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಶಿಬಿರ ನಡೆಯುತ್ತಿದೆ. ಬಂದವರಿಗೆ ಅಲ್ಲಿ ವೈದ್ಯರಿದ್ದಾರೆ, ಮಾತ್ರೆಯಿದೆ. ಕಳೆದ ಮಂಗಳವಾರ ಬಾರದವರ ಹೆಸರು ಗುರುತು ಹಾಕಿಕೊಂಡು, ಮರುದಿನ ಬಸ್ಸು ಹತ್ತಿ ಅವರ ಊರಿಗೆ ಹೋಗುವವರ ವಿದ್ಯಾರ್ಹತೆಯೇನು, ಸಂಬಳವೆಲ್ಲಿಂದ ಎಂಬುದೇ ಇತ್ಯರ್ಥವಾಗಬೇಕಾಗಿರುವುದು.