ಅನುಯಾಯಿ, ಹಿಂಬಾಲಕ ಎರಡೂ ಒಂದೇ ಅಲ್ವಾ?

ಪ್ರಶ್ನೆ: ದುಗ್ಗಮ್ಮನ ಜಾತ್ರೆಗೆ ಫ್ಲೆಕ್ಸ್ ಮಾಡಿಸಿದೆ. ಕೆಳಗೆ ‘ಶುಭ ಕೋರುವವರು: ಅಣ್ಣನ ಹಿಂಬಾಲಕರು’ ಅಂತ ಬರೆಸಿದ್ದೆ. ಅದನ್ನು ನೋಡಿ ಹುಡುಗರೆಲ್ಲ ರೇಗಿದರು, ದೊಡ್ಡ ವಿವಾದ ಆಯ್ತು. ಫ್ಲೆಕ್ಸ್ ಇನ್ನೂ ಕಟ್ಟಿಲ್ಲ. ಹಿಂಬಾಲಕ ಅಂದರೂ ಅನುಯಾಯಿ ಅಂದರೂ ಒಂದೇ ಅಲ್ವಾ? – ದಾವಣಗೆರೆಯ ಓದುಗರು

ಅರ್ಥ ಒಂದೇ, ತೂಕ ಬೇರೆ. ‘ಅನು’ ಅಂದರೆ ಹಿಂದೆ, ‘ಯಾಯಿ’ ಅಂದರೆ ಹೋಗುವವನು. ಬಿಡಿಸಿ ನೋಡಿದರೆ ಅನುಯಾಯಿಯೂ ಹಿಂದೆ ಹೋಗುವವನೇ. ಆದರೆ ಮಾತಿನಲ್ಲಿ ಅನುಯಾಯಿ ಹಿಡಿದಿರುವುದು ಒಂದು ದಾರಿಯನ್ನು, ಹಿಂಬಾಲಕ ಹಿಡಿದಿರುವುದು ಒಬ್ಬ ಮನುಷ್ಯನನ್ನು. ಬಸವಣ್ಣನವರ ಅನುಯಾಯಿ, ಗಾಂಧೀಜಿಯ ಅನುಯಾಯಿ ಅಂತೀವಿ. ಅವರು ಹೋಗಿ ಎಷ್ಟು ಕಾಲವಾದರೂ ಆ ಮಾತು ಸಲ್ಲುತ್ತದೆ. ಹಿಂಬಾಲಕರು ಅಂದಾಗ ಮಾತ್ರ ಕಣ್ಣಿಗೆ ಬರುವುದು ನಾಯಕರ ಕಾರಿನ ಹಿಂದೆ ಬರುವ ಬೈಕುಗಳ ಸಾಲು. ಸ್ವಂತ ಬುದ್ಧಿ ಇಲ್ಲದವರು ಅಂದ ಹಾಗೆ ಕೇಳುತ್ತದೆ. ನಿಮ್ಮ ಹುಡುಗರಿಗೆ ಚುಚ್ಚಿದ್ದು ಅದೇ. ‘ಚೇಲಾ’ದ ಕಥೆಯೂ ಹೀಗೇ. ಹಿಂದಿಯಲ್ಲಿ ಅದು ಶಿಷ್ಯ, ನಮ್ಮಲ್ಲಿ ಬೈಗುಳ.

ಹಾಗಂತ ‘ಅನುಯಾಯಿಗಳು’ ಅಂತ ಹಾಕಿದರೆ ಜಾತ್ರೆ ಫ್ಲೆಕ್ಸಿಗೆ ಭಾರ ಆಗುತ್ತದೆ. ‘ಭಕ್ತರು’ ಬೇಡವೇ ಬೇಡ. ಶರಣರ ಷಟ್‌ಸ್ಥಲದಲ್ಲಿ, ಅಂದರೆ ದೇವರ ಕಡೆಗೆ ಹತ್ತುವ ಆರು ಮೆಟ್ಟಿಲುಗಳಲ್ಲಿ, ಮೊದಲನೆಯದೇ ಭಕ್ತ. ಅದು ದುಗ್ಗಮ್ಮನಿಗಿರಲಿ. ‘ಅಭಿಮಾನಿ ಬಳಗ’ ಆಗಬಹುದು. ಸಂಸ್ಕೃತದಲ್ಲಿ ಅಭಿಮಾನಕ್ಕೆ ಗರ್ವ ಅನ್ನೋ ಅರ್ಥ ಜಾಸ್ತಿ. ಕನ್ನಡದಲ್ಲಿ ಅದು ಪ್ರೀತಿಯಾಯಿತು. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳು’ ಅಂದ ಮೇಲಂತೂ ಆ ಪದದ ಮರ್ಯಾದೆಯೇ ಬೇರೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ‘ಬೆಂಬಲಿಗ’. ಬೆನ್ನಿಗೆ ಬಲವಾಗಿ ನಿಂತವನು. ಅವನೂ ಹಿಂದೆಯೇ ಇದ್ದಾನೆ, ಆದರೆ ಸುಮ್ನೆ ಹಿಂದೆ ಬರುತ್ತಿಲ್ಲ, ಆಸರೆಯಾಗಿದ್ದಾನೆ.

ಇನ್ನೊಂದು ಮಾತು. ನಿಮ್ಮಲ್ಲಿ ಆಗಿದ್ದು ವಿವಾದ ಅಲ್ಲ. ಎರಡು ಕಡೆಯವರೂ ತಮ್ಮ ವಾದ ಇಟ್ಟು, ಊರೆಲ್ಲ ಮಾತಾಡಿ, ತೀರ್ಮಾನ ಆಗದೆ ಉಳಿದರೆ ಅದು ವಿವಾದ. ನಿಮ್ಮದು ತಕರಾರು. ಅರಬ್ಬಿಯಲ್ಲಿ ಈ ಪದಕ್ಕೆ ‘ಮತ್ತೆ ಮತ್ತೆ ಹೇಳುವುದು’ ಅಂತ ಅರ್ಥ. ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಹಿಡಿದು ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕರಾರು ಜೋರಾದರೆ ‘ರಾದ್ಧಾಂತ’ ಅಂತೀವಿ. ಆ ಪದ ಸಂಸ್ಕೃತದಲ್ಲಿ ಸಿದ್ಧಾಂತಕ್ಕೆ ಇನ್ನೊಂದು ಹೆಸರು, ಚರ್ಚೆ ಮುಗಿದು ಗಟ್ಟಿಯಾದ ನಿಲುವು! ಕನ್ನಡದಲ್ಲಿ ಪೂರಾ ತಿರುವುಮುರುವಾಗಿದೆ.

ಫ್ಲೆಕ್ಸ್ ಇನ್ನೂ ಕಟ್ಟಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಪೂರ್ತಿ ಹೊಸದು ಬೇಕಿಲ್ಲ. ಆ ಒಂದು ಪದದ ಅಳತೆಗೆ ‘ಬೆಂಬಲಿಗರು’ ಅಂತ ಪ್ರಿಂಟ್ ತೆಗೆಸಿ ಮೇಲೆ ಅಂಟಿಸಿ.